ಮೌಸ್ ಉಲ್ಟಾ ಆದ ಕಥೆ, ಜೊತೆಗೊಂದು ಕ್ಷಮೆ



ಪೋಸ್ಟ್ ಸ್ವಲ್ಪ ಉದ್ದ ಇದೆ. ಹೋರಾಟದ ಸುದ್ದಿ ಅಲ್ಲ, ಮನವಿ ಪತ್ರವೂ ಅಲ್ಲ. ಒಂದು ಕಂಪ್ಯೂಟರ್ ಮೌಸಿನ ವಿಷಯ. ನಗಬೇಡಿ. ಹದಿನೈದು ದಿನ ಅದು ನನ್ನ ತಲೆ ತಿಂದಿದೆ. ಅದರ ದೆಸೆಯಿಂದ ಒಬ್ಬ ಹುಡುಗನಿಗೆ ನಾಲ್ಕು ಜನರ ಮುಂದೆ ಬೈದೆ. ಬೈದದ್ದು ಎಲ್ಲರ ಮುಂದೆ ಅಂದಮೇಲೆ ತಪ್ಪಾಯ್ತು ಅನ್ನೋದನ್ನೂ ಎಲ್ಲರ ಮುಂದೆಯೇ ಹೇಳಬೇಕು. ಅದಕ್ಕೇ ಬರೀತಿದೀನಿ. ಅವನ ಹೆಸರು ಹಾಕಲ್ಲ, ಅವನೇ ಬೇಡ ಅಂದ.

ನಮ್ಮ ಕಾಲೋನಿಯ ಓದುವ ಮನೆಯನ್ನ ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಭವನದ ಪಕ್ಕದ ಒಂದೇ ಒಂದು ಕೋಣೆ. ಎರಡು ಬೀರು ಪುಸ್ತಕ, ಒಂದು ಉದ್ದ ಬೆಂಚು, ಗೋಡೆ ಮೇಲೆ ಬಾಬಾಸಾಹೇಬರು, ಪಕ್ಕದಲ್ಲಿ ಸಾವಿತ್ರಿಬಾಯಿ ಫುಲೆ. ಎರಡು ವರ್ಷದ ಹಿಂದೆ ಗೆಳೆಯರೊಬ್ಬರು ಒಂದು ಹಳೇ ಕಂಪ್ಯೂಟರ್ ಕೊಡಿಸಿದರು. 4 ಜಿಬಿ ರ್‍ಯಾಮ್. ಹೊಸ ವಿಂಡೋಸ್ ಹಾಕೋಣ ಅಂದ್ರೆ ಲೈಸೆನ್ಸಿಗೆ ದುಡ್ಡು ಬೇಕು, ಮಷೀನಿಗೂ ಅಷ್ಟು ತಾಕತ್ತಿಲ್ಲ. ಹಾಗಾಗಿ ಲಿನಕ್ಸ್ ಮಿಂಟ್ ಹಾಕಿಸಿದ್ವಿ.

ಲಿನಕ್ಸ್ ಅಂದರೆ ಏನು ಅಂತ ಕೇಳೋರಿಗೆ ಎರಡು ಮಾತು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅನ್ನೋರು 'ಗ್ನೂ' ಅನ್ನೋ ಕೆಲಸ ಶುರು ಮಾಡ್ತೀವಿ ಅಂತ ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಅನ್ನೋ ವಿದ್ಯಾರ್ಥಿ ಲಿನಕ್ಸ್ ಬರೆದ. ಈ ಎರಡೂ ಸೇರಿ ಆದದ್ದು ಇವತ್ತಿನ ಈ ವ್ಯವಸ್ಥೆ. ಇದನ್ನ ಯಾರು ಬೇಕಾದರೂ ಬಳಸಬಹುದು. ಒಳಗೆ ಏನು ಬರೆದಿದೆ ಅಂತ ತೆರೆದು ಓದಬಹುದು, ತಿದ್ದಬಹುದು, ತಿದ್ದಿದ್ದನ್ನ ಇನ್ನೊಬ್ಬರಿಗೆ ಹಂಚಬಹುದು. ಅಕ್ಷರದ ಹತ್ತಿರಕ್ಕೇ ಬಿಡದಿದ್ದ ಜನರ ಮೊಮ್ಮಕ್ಕಳು ನಾವು. ನಮ್ಮ ಕಿವಿಗೆ ಈ ಮಾತು ಬೇರೆ ಥರಾನೇ ಕೇಳಿಸುತ್ತೆ.

ಆಫೀಸಿನಲ್ಲಿ ನನಗೆ ನುಡಿ ಕೀಬೋರ್ಡಿನ ಅಭ್ಯಾಸ. ಇದರಲ್ಲೂ ಐಬಸ್ ಅಂತ ಇದೆ, ಅದರೊಳಗೆ ಕೆಜಿಪಿ ವಿನ್ಯಾಸ ಆರಿಸಿಕೊಂಡರೆ ಬೆರಳು ಅದೇ ದಾರೀಲಿ ಓಡುತ್ತೆ. ಮಕ್ಕಳ ಅರ್ಜಿ, ಸಂಘದ ಪತ್ರ, ಮಾಹಿತಿ ಹಕ್ಕಿನ ಅರ್ಜಿ ಎಲ್ಲ ಅದರಲ್ಲೇ ಆಗ್ತಿದೆ. ಹಳೇ ಮೌಸಿನ ವೈರನ್ನ ಇಲಿ ಕಡಿದು ಹಾಕಿತ್ತು. ಇಲಿ ಬಂದು ಇಲೀನೇ ತಿಂತು ಅಂತ ಮಕ್ಕಳು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಕೈಯಿಂದ ಕೈಗೆ ಚಂದಾ ಎತ್ತಿ ವೈರ್‌ಲೆಸ್ ಮೌಸ್ ತಂದ್ವಿ.

ಆ ಮೌಸ್ ತಂದ ದಿನ ನಾನೇ ಒಂದು ಬಿಳಿ ಹಾಳೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಮಾನಿಟರಿನ ನೆತ್ತಿಗೆ ಅಂಟಿಸಿದೆ: "ಅನುಮತಿ ಇಲ್ಲದೆ ಯಾರೂ ಮುಟ್ಟಬಾರದು."

ಈ ಹಾಳೆ ನೆನಪಿಟ್ಟುಕೊಳ್ಳಿ.

ಒಂದು ಭಾನುವಾರ ಸಂಜೆ. ಸ್ಕಾಲರ್‌ಶಿಪ್ ಅರ್ಜಿಗೆ ಮಾರನೇ ದಿನ ಕೊನೆ ದಿನಾಂಕ. ನಾಲ್ಕು ಹೆಣ್ಣುಮಕ್ಕಳು ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ, ಮಾರ್ಕ್ಸ್ ಕಾರ್ಡು ಎಲ್ಲ ಕೈಯಲ್ಲಿ ಹಿಡ್ಕೊಂಡು ಸಾಲಾಗಿ ಕೂತಿದ್ದಾರೆ. ನಾನು ಮೌಸ್ ಹಿಡಿದೆ. ಕೆಳಗೆ ಹೋಗೋಣ ಅಂತ ಚಕ್ರವನ್ನ ನನ್ನ ಕಡೆ ಎಳೆದರೆ ಪುಟ ಮೇಲಿನ ತುದಿಗೆ ಓಡುತ್ತೆ. ಮೇಲೆ ಹೋಗೋಣ ಅಂದ್ರೆ ಕೆಳಕ್ಕೆ ಜಾರುತ್ತೆ. ಉದ್ದದ ಅರ್ಜಿ, ಎಲ್ಲಿ ಏನು ತುಂಬಿದೆ ಅನ್ನೋದೇ ತಪ್ಪಿಹೋಗ್ತಿದೆ. ಕರೆಂಟು ಯಾವಾಗ ಹೋಗುತ್ತೋ ಅಂತ ಬೇರೆ ಭಯ.

ಮೂಲೇಲಿ ಆ ಹುಡುಗ ಕೂತಿದ್ದ. ಪಿಯುಸಿ ಓದ್ತಿದಾನೆ. ಕಂಪ್ಯೂಟರ್ ಅಂದ್ರೆ ಪ್ರಾಣ. ಹಿಂದಿನ ದಿನ ಮಧ್ಯಾಹ್ನ ಅವನೇ ಅದರ ಮುಂದೆ ಕೂತಿದ್ದನ್ನ ನಾನು ನೋಡಿದ್ದೆ.

"ನೀನೇ ಏನೋ ಮಾಡಿದೀಯ ಅಲ್ವೇನೋ?" ಅಂದೆ.

ಅವನು ತಲೆ ತಗ್ಗಿಸಿದ.

"ಮುಟ್ಟಬೇಡಿ ಅಂತ ಬರೆದು ಅಂಟಿಸಿದೀನಿ. ಓದೋಕೆ ಬರಲ್ವಾ ನಿಂಗೆ? ಗೊತ್ತಿಲ್ಲದೇ ಇರೋದಕ್ಕೆಲ್ಲ ಯಾಕೆ ಕೈ ಹಾಕ್ತೀಯ? ಕೆಟ್ಟು ಹೋದ್ರೆ ಯಾರು ಜವಾಬ್ದಾರಿ?"

ಅವನು ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿಕೊಂಡು ಹೋದ. ಆ ರಾತ್ರಿ ಹತ್ತರವರೆಗೆ ಕೂತು, ಚಕ್ರ ಬಿಟ್ಟು ಕೀಬೋರ್ಡಿನ ಬಾಣದ ಗುಂಡಿಯಲ್ಲೇ ಪುಟ ಸರಿಸಿಕೊಂಡು ನಾಲ್ಕೂ ಅರ್ಜಿ ಹಾಕಿದ್ವಿ. ಅದು ಆಯ್ತು. ಮಾರನೇ ದಿನದಿಂದ ಹುಡುಗ ಬರಲಿಲ್ಲ.

ನನಗೆ ಆಗ ಅದರ ಚಿಂತೆ ಆಗಲಿಲ್ಲ, ನಿಜ ಹೇಳ್ತೀನಿ. ಮೌಸಿಂದೇ ಚಿಂತೆ.

ಮೊದಲು ಬ್ಯಾಟರಿ ಬದಲಿಸಿದೆ. ಏನೂ ಆಗಲಿಲ್ಲ. ಮೌಸಿನ ಜೊತೆ ಉಗುರಿನಷ್ಟು ಚಿಕ್ಕ ರಿಸೀವರ್ ಬರುತ್ತಲ್ಲ, ಅದನ್ನ ಕಿತ್ತು ಬೇರೆ ತೂತಿಗೆ ಹಾಕಿದೆ. ನೆಟ್ಟಗಾಯ್ತು! ಓಹೋ, ತೂತೇ ಕೆಟ್ಟಿದೆ ಅಂದ್ಕೊಂಡೆ. ಮಾರನೇ ದಿನ ಕಂಪ್ಯೂಟರ್ ಹಾಕಿದ್ರೆ ಮತ್ತೆ ಉಲ್ಟಾ, ಹೊಸ ತೂತಲ್ಲೂ. ಮೌಸನ್ನ ಬ್ಯಾಗಿಗೆ ಹಾಕ್ಕೊಂಡು ಆಫೀಸಿಗೆ ಹೋದೆ, ಊಟದ ಹೊತ್ತಲ್ಲಿ ನನ್ನ ಟೇಬಲ್ಲಿನ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದೆ. ಅಲ್ಲಿ ನೆಟ್ಟಗೆ ಕೆಲಸ ಮಾಡ್ತು. ಅಂದ್ರೆ ಮೌಸ್ ಚೆನ್ನಾಗಿದೆ, ವಿಷಯ ನಮ್ಮ ಮಷೀನಿನ ಒಳಗಿದೆ.

ಸೆಟ್ಟಿಂಗ್ಸ್ ತೆರೆದೆ. ಮೌಸ್ ಮತ್ತು ಟಚ್‌ಪ್ಯಾಡ್ ಅನ್ನೋ ಜಾಗದಲ್ಲಿ ಸ್ಕ್ರೋಲ್ ದಿಕ್ಕನ್ನ ತಿರುಗಿಸೋ ಒಂದು ಸ್ವಿಚ್ ಇದೆ. ಅದನ್ನ ಯಾರೋ ಒತ್ತಿಬಿಟ್ಟಿರಬೇಕು ಅಂತ ನೋಡಿದರೆ, ಸ್ವಿಚ್ ಆಫ್ ಆಗೇ ಇದೆ! ಒಂದು ಸಲ ಆನ್ ಮಾಡಿ ಮತ್ತೆ ಆಫ್ ಮಾಡಿದೆ. ನೆಟ್ಟಗಾಯ್ತು. ಬೆಳಗ್ಗೆ ಬಂದು ನೋಡಿದ್ರೆ ಮತ್ತೆ ಉಲ್ಟಾ, ಸ್ವಿಚ್ ಮಾತ್ರ ಆಫಲ್ಲೇ ಇದೆ.

ಗುಮಾಸ್ತಗಿರಿ ಇಪ್ಪತ್ತು ವರ್ಷ ಮಾಡಿದ್ದಕ್ಕೆ ಒಂದು ಅಭ್ಯಾಸ ಇದೆ. ಏನೇ ಗೊಂದಲ ಬಂದ್ರೂ ಕಡತಕ್ಕೆ ಟಿಪ್ಪಣಿ ಬರೆದ ಹಾಗೆ ಬರೆದುಕೊಳ್ಳೋದು. ಒಂದು ನೋಟ್‌ಬುಕ್ ತಗೊಂಡು ಬರೆದೆ. ಒಂದು, ರಿಸೀವರ್ ಕಿತ್ತು ಹಾಕಿದರೆ ನೆಟ್ಟಗಾಗುತ್ತೆ. ಎರಡು, ಸ್ವಿಚ್ ಆನ್ ಮಾಡಿ ಆಫ್ ಮಾಡಿದರೂ ನೆಟ್ಟಗಾಗುತ್ತೆ. ಮೂರು, ಕಂಪ್ಯೂಟರ್ ಆರಿಸಿ ಹಾಕಿದರೆ ಮಾತ್ರ ಉಲ್ಟಾ ಆಗುತ್ತೆ. ಬರೆದು ನೋಡಿದಾಗ ತಿಳೀತು: ಏನೇ ನಡೀತಿದ್ರೂ ಅದು ಕಂಪ್ಯೂಟರ್ ಶುರುವಾಗೋ ಹೊತ್ತಲ್ಲಿ, ಒಂದೇ ಒಂದು ಸಲ ನಡೀತಿದೆ.

ಮುಂದಿನ ಸಂಜೆ ಲಾಗಿನ್ ಆದ ತಕ್ಷಣವೇ ಚಕ್ರ ತಿರುಗಿಸುತ್ತಾ ಕೂತೆ. ಮೊದಲು ನೆಟ್ಟಗೇ ಇತ್ತು. ಹತ್ತು ಸೆಕೆಂಡು ಆಗಿರಬಹುದು, ನನ್ನ ಬೆರಳಿನ ಕೆಳಗೇ ತಿರುಗಿಬಿಡ್ತು. ದೆವ್ವ ಬಂದ ಹಾಗಾಯ್ತು ನೋಡಿ.

ಅವತ್ತು ಮೊದಲ ಸಲ ಆ ಕಪ್ಪು ಕಿಟಕಿ, ಟರ್ಮಿನಲ್ ಅಂತಾರಲ್ಲ, ಅದನ್ನ ತೆರೆದೆ. ಅಲ್ಲಿವರೆಗೂ ಅದನ್ನ ಕಂಡರೆ ಭಯ. ಎಕ್ಸ್‌ಇನ್‌ಪುಟ್ ಅನ್ನೋ ಕಮಾಂಡ್ ಇದೆ. ಅದರ ಮುಂದೆ ಲಿಸ್ಟ್ ಅಂತ ಬರೆದರೆ ಕಂಪ್ಯೂಟರಿಗೆ ಸಿಕ್ಕಿಸಿರೋ ಕೀಬೋರ್ಡು, ಮೌಸು ಎಲ್ಲದರ ಪಟ್ಟಿ ಕೊಡುತ್ತೆ. ಒಂದೇ ರಿಸೀವರಿನ ಹೆಸರು ಎರಡು ಮೂರು ಕಡೆ ಬಂದರೆ ಗಾಬರಿ ಬೇಡ, ಪಾಯಿಂಟರ್ ಅಂತ ಇರೋ ಗುಂಪಿನಲ್ಲಿರೋದು ಮೌಸು. ಅದರ ಎದುರಿಗೆ ಒಂದು ಐಡಿ ಸಂಖ್ಯೆ ಇರುತ್ತೆ. ಲಿಸ್ಟ್ ಪ್ರಾಪ್ಸ್ ಅಂತ ಬರೆದು ಆ ಸಂಖ್ಯೆ ಕೊಟ್ಟರೆ ಮೌಸಿನ ಪೂರ್ತಿ ಜಾತಕ ಬಿಚ್ಚುತ್ತೆ. ಅದರಲ್ಲಿ 'ನ್ಯಾಚುರಲ್ ಸ್ಕ್ರೋಲಿಂಗ್ ಎನೇಬಲ್ಡ್' ಅನ್ನೋ ಸಾಲಿನ ಮುಂದೆ 1 ಅಂತ ಇತ್ತು. 1 ಅಂದರೆ ಆನ್, 0 ಅಂದರೆ ಆಫ್. ಸೆಟ್ಟಿಂಗ್ಸಿನಲ್ಲಿ ಆಫ್, ಇಲ್ಲಿ ಆನ್. ರಿಜಿಸ್ಟರಿನಲ್ಲಿ ಒಂದು, ಕಡತದಲ್ಲಿ ಇನ್ನೊಂದು. ಆಫೀಸಿನಲ್ಲಿ ಹೀಗಾದ್ರೆ ನಾವು ಏನು ಹೇಳ್ತೀವಿ? ಮಧ್ಯದಲ್ಲಿ ಯಾರೋ ಬೇರೆಯವರು ಬರೆದಿದಾರೆ ಅಂತ.

ಕಂಪ್ಯೂಟರ್ ಶುರುವಾದಾಗ ತಾನಾಗೇ ಓಡುವ ಕೆಲಸಗಳಿಗೆ ಒಂದು ಪಟ್ಟಿ ಇರುತ್ತೆ, ಸ್ಟಾರ್ಟಪ್ ಅಪ್ಲಿಕೇಶನ್ಸ್ ಅಂತ. ಅದನ್ನ ತೆರೆದೆ. ಎಲ್ಲ ಇಂಗ್ಲಿಷ್ ಹೆಸರು. ಕೊನೇಲಿ ಒಂದು ಕನ್ನಡದಲ್ಲಿತ್ತು.

"ಅಜ್ಜಿಗೆ."

ಅದರೊಳಗೆ ಮೌಸಿನ ಆ ಸಾಲನ್ನ 1 ಮಾಡೋ ಕಮಾಂಡು. ಹತ್ತು ಸೆಕೆಂಡು ತಡೆದು ಓಡಬೇಕು ಅಂತ ಸೂಚನೆ.

ನಾನು ತುಂಬಾ ಹೊತ್ತು ಆ ಹೆಸರು ನೋಡ್ತಾ ಕೂತೆ. ಅವನ ಅಜ್ಜಿ ನನಗೆ ಗೊತ್ತು. ಊರಿನ ಬೀದಿ ಗುಡಿಸಿ ಗುಡಿಸಿ ಸೊಂಟ ಬಗ್ಗಿಸಿಕೊಂಡ ಹೆಂಗಸು. ಹಾಜರಿಗೂ ಹೆಬ್ಬೆಟ್ಟು, ಸಂಬಳಕ್ಕೂ ಹೆಬ್ಬೆಟ್ಟು. ಅವರು ಓದುವ ಮನೆಗೆ ಬರ್ತಿದ್ದಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ.

ತಲೆ ಎತ್ತಿದರೆ ಎದುರಿಗೆ ನನ್ನದೇ ಅಕ್ಷರ. ಮುಟ್ಟಬಾರದು.

2004ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ನಮ್ಮ ಆಫೀಸಿನಲ್ಲಿ ಕಂಪ್ಯೂಟರಿಗೆ ಅಂತಲೇ ಒಂದು ಕೋಣೆ ಇತ್ತು. ಚಪ್ಪಲಿ ಹೊರಗೆ ಬಿಡಬೇಕು. ಮಷೀನಿಗೆ ಹೂವಿನ ಚಿತ್ತಾರದ ಬಟ್ಟೆ ಹೊದಿಸ್ತಿದ್ರು. ನನ್ನ ಜೊತೆಗೇ ಸೇರಿದ ಇನ್ನಿಬ್ಬರನ್ನ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. ನಾನು ಹೋಗಿ ನಿಂತರೆ ಮೇಲಿನವರು ಹೇಳ್ತಿದ್ದದ್ದು ಒಂದೇ ಮಾತು: "ನೀನು ಮುಟ್ಟಬೇಡಮ್ಮ. ಕೆಟ್ಟು ಹೋದ್ರೆ ಯಾರು ಜವಾಬ್ದಾರಿ?" ಜೋರಾಗಿ ಹೇಳ್ತಿರಲಿಲ್ಲ, ನಗುನಗ್ತಾನೇ ಹೇಳ್ತಿದ್ರು. ನನಗೆ ಅರ್ಥ ಆಗ್ತಿತ್ತು. ನಿಮಗೂ ಅರ್ಥ ಆಗುತ್ತೆ. ನಮ್ಮ ಮನೆಗಳಲ್ಲಿ ಆ ಕ್ರಿಯಾಪದವನ್ನ ಬಿಡಿಸಿ ಹೇಳಬೇಕಾಗಿಲ್ಲ. ಒಂದೂವರೆ ವರ್ಷ ಜಾವಕ ಪುಸ್ತಕ ಬರೆದುಕೊಂಡೇ ಕೂತೆ. ಸಂಜೆ ಹೊತ್ತು ದುಡ್ಡು ಕೊಟ್ಟು ಹೊರಗೆ ಕಲಿತೆ.

ಆ ಮಾತು ಎಷ್ಟು ಭಾಷಣದಲ್ಲಿ ಹೇಳಿದೀನಿ ನಾನು! ಏಪ್ರಿಲ್ 14ಕ್ಕೆ ಮೈಕ್ ಹಿಡಿದು ಹೇಳಿದೀನಿ. ಅದೇ ಮಾತನ್ನ ಚೂರೂ ಬದಲಿಸದೆ, ನಮ್ಮದೇ ಕೋಣೇಲಿ, ಬಾಬಾಸಾಹೇಬರ ಫೋಟೋ ಕೆಳಗೆ, ನಮ್ಮದೇ ಹುಡುಗನಿಗೆ ಅಂದಿದೀನಿ. "ಯಾರು ಜವಾಬ್ದಾರಿ" ಅನ್ನೋದನ್ನೂ ಬಿಟ್ಟಿಲ್ಲ.

ಹಾಳೆ ಕಿತ್ತೆ. ಗೋಂದು ಜಾಸ್ತಿ ಹಾಕಿದ್ದೆ, ಪೂರ್ತಿ ಬರಲಿಲ್ಲ. ಉಗುರಲ್ಲಿ ಕೆರೆದೆ.

ಮಾರನೇ ದಿನ ಆಫೀಸಿಂದ ನೇರ ಅವರ ಮನೆಗೆ ಹೋದೆ. ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ರು. "ಬಾ ತಾಯಿ, ಕೂತ್ಕೊ" ಅಂದರು. ಹುಡುಗ ಒಳಗಿಂದ ಬಂದು ಬಾಗಿಲಿಗೆ ಒರಗಿ ನಿಂತ.

"ತಪ್ಪಾಯ್ತು ಕಣೋ," ಅಂದೆ. "ನಿನ್ನನ್ನ ಏನು ಎತ್ತ ಅಂತ ಕೇಳದೇನೇ ಬೈದುಬಿಟ್ಟೆ."

"ಬಿಡಿ ಅಕ್ಕ," ಅಂದ. ಮುಖ ನೋಡಲಿಲ್ಲ.

"ಅಜ್ಜಿಗೆ ಅಂತ ಬರೆದಿದ್ಯಲ್ಲ, ಏನದು?"

ಅಜ್ಜಿನೇ ಹೇಳಿದ್ರು. "ನಂಗೆ ಪಾಸ್‌ಬುಕ್ಕಲ್ಲಿ ನನ್ ಹೆಸ್ರು ಎಲ್ಲೈತೆ ಅಂತ ನಾನೇ ನೋಡ್ಬೇಕು ಅಂತ ಆಸೆ ಕಣವ್ವಾ. ಇವ್ನು ಬಾ ಕಲಿಸ್ತೀನಿ ಅಂದ. ಫೋನಲ್ಲಿ ಅಕ್ಸರ ಸಣ್ಣವು, ಕಣ್ಣಿಗೆ ಕಾಣಕಿಲ್ಲ. ಅಲ್ಲಿ ದೊಡ್ಡದಾಗಿ ಕಾಣ್ತವೆ."

ಒಂದನೇ ಕ್ಲಾಸಿನ ಕನ್ನಡ ಪುಸ್ತಕದ ಪಿಡಿಎಫ್ ಹಾಕಿ, ದೊಡ್ಡದು ಮಾಡಿ ತೋರಿಸ್ತಿದ್ದನಂತೆ. ಮಧ್ಯಾಹ್ನದ ಹೊತ್ತು, ಯಾರೂ ಇಲ್ಲದಾಗ. ಯಾರಾದ್ರೂ ನೋಡಿದ್ರೆ ಅಜ್ಜಿಗೆ ನಾಚಿಕೆ. ಫೋನಲ್ಲಿ ವಿಡಿಯೋ ನೋಡಿ ಅಜ್ಜಿಗೆ ಬೆರಳು ಮೇಲಕ್ಕೆ ತಳ್ಳಿದರೆ ಕೆಳಗಿಂದು ಬರುತ್ತೆ ಅನ್ನೋ ಅಭ್ಯಾಸ. ಮೌಸಿನ ಚಕ್ರವನ್ನೂ ಹಾಗೇ ಮುಂದಕ್ಕೆ ತಳ್ಳಿದ್ದಾರೆ. ಪುಟ ಹಿಂದಕ್ಕೆ ಹೋಗಿದೆ. ಮತ್ತೆ ತಳ್ಳಿದ್ದಾರೆ, ಮತ್ತೆ ಹಿಂದಕ್ಕೆ. ಕೈ ಹಿಂದಕ್ಕೆ ತಗೊಂಡು "ನನ್ ಕೈಯೇ ಸರಿ ಇಲ್ಲ ಕಣ್ಲಾ, ನಂಗೆ ಬರಕಿಲ್ಲ ಇದು, ಬಿಡು" ಅಂದರಂತೆ.

"ಅದಕ್ಕೆ ಮಷೀನನ್ನೇ ತಿರುಗಿಸ್ದೆ ಅಕ್ಕ," ಅಂದ ಹುಡುಗ. "ಅಜ್ಜಿ ಕೈ ಸರಿಯಾಗೇ ಇದೆ."

"ಸೆಟ್ಟಿಂಗ್ಸಲ್ಲೇ ಸ್ವಿಚ್ ಇತ್ತಲ್ಲೋ?"

"ಅಲ್ಲಿ ಮಾಡಿದ್ರೆ ನಿಮಗೆ ಕಾಣ್ಸುತ್ತೆ, ಮುಟ್ಟಿದೀಯ ಅಂತ ಬೈತೀರ ಅಂತ ಹೀಗೆ ಮಾಡ್ದೆ. ಮೊದ್ಲು ಸೆಟ್ಟಿಂಗ್ಸೇ ಗೆಲ್ತಿತ್ತು, ನಂದು ನಿಲ್ತಿರಲಿಲ್ಲ. ಆಮೇಲೆ ಹತ್ತು ಸೆಕೆಂಡು ಲೇಟ್ ಕೊಟ್ಟೆ, ಆಗ ನಿಂತ್ಕೊಳ್ತು. ನಿಮಗೆ ಹೇಳೋಣ ಅಂತಾನೇ ಭಾನುವಾರ ಬಂದಿದ್ದೆ."

ನೋಡಿ, ನಾನು ಹದಿನೈದು ದಿನ ಒದ್ದಾಡಿ ಬಿಡಿಸಿದ ಗಂಟನ್ನ ಅವನು ಒಂದು ಮಧ್ಯಾಹ್ನದಲ್ಲಿ ಹಾಕಿದ್ದ. ಅಂಥವನಿಗೆ ನಾನು "ಗೊತ್ತಿಲ್ಲದ್ದಕ್ಕೆ ಕೈ ಹಾಕ್ತೀಯ" ಅಂದಿದ್ದೆ.

ಮನೆಗೆ ಬಂದು ಈ ಉಲ್ಟಾ-ನೆಟ್ಟಗೆ ವಿಷಯ ಸ್ವಲ್ಪ ಓದಿದೆ. ಚಕ್ರ ಇರೋ ಮೌಸು ಎಲ್ಲೆಡೆ ಬಂದದ್ದು 1990ರ ದಶಕದ ಕೊನೇಲಿ. ಚಕ್ರ ನಮ್ಮ ಕಡೆ ಎಳೆದರೆ ಕೆಳಕ್ಕೆ ಹೋಗಬೇಕು ಅನ್ನೋ ವಾಡಿಕೆ ಬಂದದ್ದೂ ಆಗಲೇ. ಆಮೇಲೆ ಬೆರಳಲ್ಲಿ ಮುಟ್ಟೋ ಫೋನು ಬಂತು. ಅದರಲ್ಲಿ ಬೆರಳು ಹೋದ ಕಡೆಗೇ ಪುಟವೂ ಹೋಗುತ್ತೆ. 2011ರಲ್ಲಿ ಆಪಲ್ ಕಂಪನಿ ತನ್ನ ಲಯನ್ ಅನ್ನೋ ಆವೃತ್ತಿಯಲ್ಲಿ ಕಂಪ್ಯೂಟರಿಗೂ ಅದನ್ನೇ ತಂದು 'ನ್ಯಾಚುರಲ್' ಅಂತ ಕರೀತು. ಸಹಜ ಅಂತ. ಇಪ್ಪತ್ತು ವರ್ಷ ಮೌಸ್ ಹಿಡಿದ ನನಗೆ ಅದು ಉಲ್ಟಾ. ಮೌಸೇ ಹಿಡಿಯದ ಅಜ್ಜಿಗೆ ನನ್ನದು ಉಲ್ಟಾ. ಕುರ್ಚಿ ಮೇಲೆ ಮೊದಲು ಕೂತವರ ಅಭ್ಯಾಸವೇ ನಿಯಮ ಆಗಿಬಿಡುತ್ತೆ, ಆಮೇಲೆ ಬಂದವರ ಕೈ ಸರಿ ಇಲ್ಲ ಅಂತ ಆಗುತ್ತೆ. ಈ ಮಾತು ಬೇರೆಯವರ ಬಗ್ಗೆ ಹೇಳೋದು ನನಗೆ ಚೆನ್ನಾಗಿ ಗೊತ್ತು. ಈ ಸಲ ಆ ಕುರ್ಚೀಲಿ ಕೂತಿದ್ದವಳು ನಾನು.

ಕೊನೆಗೆ ಪರಿಹಾರ ಹೇಳಿದ್ದೂ ಹುಡುಗನೇ. ನಾವೆಲ್ಲ ಒಂದೇ ಲಾಗಿನ್ನಿನಲ್ಲಿ ಕೆಲಸ ಮಾಡ್ತಿದ್ವಿ. ಈ ಮೌಸಿನ ಸೆಟ್ಟಿಂಗು, ಸ್ಟಾರ್ಟಪ್ ಪಟ್ಟಿ ಎಲ್ಲ ಲಾಗಿನ್ನಿಗೆ ಒಂದೊಂದು ಇರುತ್ತೆ. ಹಾಗಾಗಿ ಅಜ್ಜಿ ಹೆಸರಲ್ಲೇ ಬೇರೆ ಲಾಗಿನ್ ಮಾಡಿದ. ಅದರಲ್ಲಿ ಸ್ವಿಚ್ ಆನ್, ಅಕ್ಷರ ದೊಡ್ಡದು. ನಮ್ಮ ಲಾಗಿನ್ನಿನಲ್ಲಿ 'ಅಜ್ಜಿಗೆ' ಅನ್ನೋ ಸಾಲು ತೆಗೆದ, ಸ್ವಿಚ್ ಆಫ್. ಅಜ್ಜಿ ಕೈ ಅಜ್ಜಿಗೆ, ನಮ್ಮ ಕೈ ನಮಗೆ. ಐದು ನಿಮಿಷದ ಕೆಲಸ.

ನಿಮ್ಮ ಊರಲ್ಲೂ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಇಂಥ ಕೋಣೆ ನಡೆಸ್ತಿರೋರಿಗೆ ಉಪಯೋಗ ಆಗಲಿ ಅಂತ ಹೇಳ್ತೀನಿ. ಸ್ಕ್ರೋಲ್ ಉಲ್ಟಾ ಆದರೆ ಮೊದಲು ಸೆಟ್ಟಿಂಗ್ಸಿನ ಮೌಸ್ ಜಾಗ ನೋಡಿ. ಲ್ಯಾಪ್‌ಟಾಪಲ್ಲಿ ಮೌಸಿಗೆ ಬೇರೆ, ಟಚ್‌ಪ್ಯಾಡಿಗೆ ಬೇರೆ ಸ್ವಿಚ್ ಇರುತ್ತೆ, ಒಂದನ್ನ ಬದಲಿಸಿ ಇನ್ನೊಂದು ಯಾಕೆ ಬದಲಾಗಲಿಲ್ಲ ಅಂತ ಕೊರಗಬೇಡಿ. ಸ್ವಿಚ್ ಸರಿ ಇದ್ದೂ ಉಲ್ಟಾ ಇದ್ದರೆ ರಿಸೀವರ್ ಕಿತ್ತು ಹಾಕಿ ನೋಡಿ. ಆಗ ಸರಿಯಾಗಿ, ಮತ್ತೆ ಲಾಗಿನ್ ಆದಾಗ ಕೆಟ್ಟರೆ ಸ್ಟಾರ್ಟಪ್ ಪಟ್ಟಿ ನೋಡಿ. ಎಕ್ಸ್‌ಇನ್‌ಪುಟ್ಟಿನಲ್ಲಿ ಮಾಡಿದ ಬದಲಾವಣೆ ಕಂಪ್ಯೂಟರ್ ಆರಿಸಿದರೆ ಉಳಿಯಲ್ಲ, ರಿಸೀವರ್ ಕಿತ್ತರೂ ಉಳಿಯಲ್ಲ. ಐಡಿ ಸಂಖ್ಯೆಯೂ ಬದಲಾಗಬಹುದು, ಅದನ್ನ ನಂಬ್ಕೊಂಡು ಕಮಾಂಡ್ ಬರೆದಿಟ್ಟರೆ ಒಂದು ದಿನ ಕೈ ಕೊಡುತ್ತೆ, ಮೌಸಿನ ಹೆಸರನ್ನೇ ಬರೆಯಿರಿ. ಈಗಿನ ಕೆಲವು ಲಿನಕ್ಸುಗಳಲ್ಲಿ ವೇಲ್ಯಾಂಡ್ ಅನ್ನೋದು ಇರುತ್ತೆ, ಅಲ್ಲಿ ಎಕ್ಸ್‌ಇನ್‌ಪುಟ್ಟಿಂದ ಇದನ್ನ ಬದಲಿಸೋಕೆ ಆಗಲ್ಲ, ಸೆಟ್ಟಿಂಗ್ಸಲ್ಲೇ ಮಾಡಬೇಕು. ಎಲ್ಲಕ್ಕಿಂತ ಮೊದಲು, ಕೋಣೇಲಿ ಇರೋ ಮಕ್ಕಳನ್ನ ಒಂದು ಮಾತು ಕೇಳಿ. ಬೈಯೋ ಥರ ಅಲ್ಲ, ಕೇಳೋ ಥರ ಕೇಳಿ. ನನಗೆ ಹದಿನೈದು ದಿನ ಉಳೀತಿತ್ತು.

ಹುಡುಗ ಮತ್ತೆ ಬರ್ತಿದಾನೆ. ಮೊದಲಿನಷ್ಟು ಮಾತಾಡಲ್ಲ ನನ್ನ ಹತ್ತಿರ, ಅದಕ್ಕೆ ಸ್ವಲ್ಪ ಟೈಮ್ ಹಿಡಿಯುತ್ತೆ. ಅಜ್ಜಿ ಈಗ ಮಧ್ಯಾಹ್ನ ಅಲ್ಲ, ಸಂಜೆ ಎಲ್ಲರೂ ಇರೋ ಹೊತ್ತಿಗೇ ಬರ್ತಾರೆ. ಅವರ ಹೆಸರಲ್ಲಿ ಒಂದು ಒತ್ತಕ್ಷರ ಇದೆ, ಅದರ ಹತ್ತಿರ ಬಂದು ನಿಂತಿದ್ದಾರೆ. ಮುಂದಿನ ಭಾನುವಾರ ಬೆಳಗ್ಗೆ ಹತ್ತಕ್ಕೆ ಹುಡುಗನೇ ಎಲ್ಲರಿಗೂ ಅವರವರ ಲಾಗಿನ್ ಮಾಡಿಕೊಡ್ತಾನೆ, ಮಾಡೋದು ಹೇಗೆ ಅಂತಲೂ ತೋರಿಸ್ತಾನೆ. ಬರೋರು ಬನ್ನಿ. ಯಾರ ಹತ್ತಿರಾದ್ರೂ ಇನ್ನೊಂದು ಹಳೇ ಮೌಸ್ ಬಿದ್ದಿದ್ದರೆ ತನ್ನಿ, ವೈರ್ ಇದ್ದರೂ ಪರವಾಗಿಲ್ಲ.

ಮಾನಿಟರಿನ ನೆತ್ತಿ ಮೇಲೆ ಗೋಂದಿನ ಕಲೆ ಇನ್ನೂ ಇದೆ. ಒರೆಸಿದರೂ ಹೋಗ್ತಿಲ್ಲ. ಇರಲಿ ಅಂತ ಬಿಟ್ಟಿದೀನಿ.

ಜೈ ಭೀಮ್.